ಚೀಟಿ ಎತ್ತಿದ ಮೇಲೆ ಗೆಳೆಯ ಮೋಸಗಾರನಾದ

ಪ್ರಶ್ನೆ: ಸರ್, ನಾವು ಬೆಳಗಾವಿಯ ಟಿಳಕವಾಡಿಯವರು. ಮಗನಿಗೆ 14 ವರ್ಷ. ರಜೆಯಲ್ಲಿ ಓಣಿಯ ಹುಡುಗರು ಚೀಟಿ ಎತ್ತಿ ಎರಡು ಟೀಮ್ ಮಾಡಿಕೊಂಡು ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರೆ. ಹತ್ತೇ ದಿನಕ್ಕೆ ‘ಆ ಟೀಮಿನವರೆಲ್ಲ ಮೋಸಗಾರರು’ ಅನ್ನತೊಡಗಿದ್ದಾನೆ. ಅದರಲ್ಲಿ ಅವನ ಖಾಸಾ ಗೆಳೆಯನೂ ಇದ್ದಾನೆ! ಮನೆಯಲ್ಲಿ ನಾವು ಯಾರನ್ನೂ ಹಾಗೆ ಆಡಿಕೊಳ್ಳುವುದಿಲ್ಲ. ಇದನ್ನು ಯಾರು ಕಲಿಸಿದರು?

ಉತ್ತರ: ಯಾರೂ ಕಲಿಸಿಲ್ಲ ತಂಗಿ, ಆ ಚೀಟಿಯೇ ಸಾಕು. ನಾನು ಮನಃಶಾಸ್ತ್ರದ ಮೇಷ್ಟ್ರಾಗಿದ್ದಾಗ ಹಾಸ್ಟೆಲ್ ವಾರ್ಡನ್ ಕೆಲಸವನ್ನೂ ನೋಡುತ್ತಿದ್ದೆ. ಬೆಸ ರೋಲ್ ನಂಬರಿನವರನ್ನು ಕೆಳಗೆ, ಸಮ ನಂಬರಿನವರನ್ನು ಮಹಡಿಗೆ ಹಾಕಿದ್ದು ನಾನೇ. ದೀಪಾವಳಿ ಹೊತ್ತಿಗೆ, ‘ಸರ್, ಕೆಳಗಿನವರು ನಮ್ಮ ಶೇಂಗಾ ಹಿಂಡಿ ಕದೀತಾರೆ’ ಅಂತ ದೂರು. ಎರಡು ರಾತ್ರಿ ಕೂತು ಡಬ್ಬಿ ಕಾಯ್ದೆ. ಎರಡೂ ಕಡೆಯವರು ಕದಿಯುತ್ತಿದ್ದರು.

ಜೀವಮಾನವೆಲ್ಲ ಇದನ್ನೇ ಬೆನ್ನು ಹತ್ತಿದವರು ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್. 1919ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನ್ನರ ಕೈಗೆ ಸಿಕ್ಕರು. ಯಹೂದಿ ಅನ್ನುವುದನ್ನು ಮುಚ್ಚಿಡಲಿಲ್ಲ, ಆದರೆ ಫ್ರಾನ್ಸಿನವನು ಅಂದರು. ಪೋಲೆಂಡಿನ ಯಹೂದಿ ಅಂತ ಗೊತ್ತಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೆರೆಯಿಂದ ಬಂದಾಗ ಊರಲ್ಲಿ ಮನೆಯವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಹಣೆಗೆ ಹಚ್ಚಿದ ಗುಂಪಿನ ಹೆಸರಿನ ಮೇಲೆ ಜೀವ ನಿಂತಿದ್ದನ್ನು ಕಂಡ ಮನುಷ್ಯ ಬೇರೆ ಏನು ಓದಿಯಾನು, ಹೇಳಿ.

ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಿಮ್ಮ ಮಗನ ವಯಸ್ಸಿನ ಹುಡುಗರನ್ನೇ ಕೂಡಿಸಿದರು. ಕ್ಲೀ, ಕ್ಯಾಂಡಿನ್‌ಸ್ಕಿ ಅನ್ನುವ ಇಬ್ಬರು ಕಲಾವಿದರ ಚಿತ್ರ ತೋರಿಸಿ, ‘ನೀನು ಕ್ಲೀ ಕಡೆಯವನು, ನೀನು ಕ್ಯಾಂಡಿನ್‌ಸ್ಕಿ ಕಡೆಯವನು’ ಅಂದರು. ಹಂಚಿದ್ದು ಸುಮ್ನೆ, ಮನಸ್ಸಿಗೆ ಬಂದ ಹಾಗೆ. ಆಮೇಲೆ ಬೇರೆ ಇಬ್ಬರಿಗೆ ಅಂಕ ಹಂಚು ಅಂದರು. ಅಂಕಕ್ಕೆ ಚಿಲ್ಲರೆ ದುಡ್ಡು. ಆ ಇಬ್ಬರ ಹೆಸರಿಲ್ಲ, ಬರೀ ನಂಬರ್ ಮತ್ತು ಗುಂಪು. ಆರಿಸಿಕೊಳ್ಳಲು ಕೊಟ್ಟ ಅಂಕಗಳ ಸಾಲಿನ ಒಂದು ತುದಿಯಲ್ಲಿ ನಮ್ಮವನಿಗೆ 19, ಅವರವನಿಗೆ 25. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವರವನಿಗೆ 1. ಹುಡುಗರು ವಾಲಿದ್ದು ಈ 7ರ ಕಡೆಗೆ! ನಮ್ಮವನಿಗೆ ಕಡಿಮೆ ಬಂದರೂ ಅಡ್ಡಿಯಿಲ್ಲ, ಅವರವನು ಹಿಂದೆ ಬಿದ್ದರೆ ಆಯ್ತು. ಇದು 1971ರಲ್ಲಿ ಅಚ್ಚಾಯಿತು. ನಾನು ಮೊದಲ ಸಲ ಓದಿದಾಗ ಆ ಹಿಂಡಿ ಡಬ್ಬಿಯೇ ಕಣ್ಣ ಮುಂದೆ ಬಂತು.

ಎಲ್ಲರನ್ನೂ ಮನೆಗೆ ಕರೆದು ಊಟ ಹಾಕಿಬಿಡ್ತೀನಿ ಅಂತೀರೇನೋ. ಅಷ್ಟರಿಂದ ಆಗುವುದಿಲ್ಲ. 1954ರಲ್ಲಿ ಅಮೆರಿಕದ ಒಕ್ಲಹೋಮಾದ ಒಂದು ಶಿಬಿರದಲ್ಲಿ ಮನಃಶಾಸ್ತ್ರಜ್ಞ ಮುಜಾಫರ್ ಶೆರಿಫ್ ಹುಡುಗರನ್ನು ಎರಡು ಗುಂಪು ಮಾಡಿ, ಅವರು ಜಗಳಕ್ಕೆ ಬಿದ್ದ ಮೇಲೆ ಅದನ್ನೂ ಮಾಡಿ ನೋಡಿದ್ದರು. ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದರು. ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಸೇರಿ ಹಗ್ಗ ಹಾಕಿ ಎಳೆಯುವಂಥ ಕೆಲಸಗಳು ಬಂದಾಗ ಮಾತ್ರ ತಣ್ಣಗಾದರು.

ನೀವು ಚೀಟಿಯನ್ನು ವಾರಕ್ಕೊಮ್ಮೆ ಹೊಸದಾಗಿ ಎತ್ತಿಸಿ. ಎರಡೂ ಟೀಮಿಗೆ ಒಂದೇ ಕಿಟ್ ಇರಲಿ, ಅದಕ್ಕೆ ಹುಡುಗರೇ ಸೇರಿ ಚಂದಾ ಕೂಡಿಸಲಿ. ಪಕ್ಕದ ಓಣಿಯ ಜೊತೆ ಮ್ಯಾಚ್ ಮಾತ್ರ ಇಡಬೇಡಿ. ನಿಮ್ಮ ಹುಡುಗರೆಲ್ಲ ಒಂದಾಗುತ್ತಾರೆ ನಿಜ, ಮೋಸಗಾರರು ಮಾತ್ರ ಆ ಓಣಿಗೆ ಮನೆ ಬದಲಿಸುತ್ತಾರೆ.