ಉಳಿದ 40 ನಿಮಿಷ ಹೋದದ್ದೆಲ್ಲಿಗೆ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರ ಕಸ್ಟಮರ್ ಸಪೋರ್ಟ್‌ನಲ್ಲಿ ನಾನು ಟೀಮ್ ಲೀಡ್. ಕೈಕೆಳಗೆ 24 ಜನ ಇದ್ದಾರೆ. ಗ್ರಾಹಕರ ಟಿಕೆಟ್‌ಗೆ (ಅವರು ಕಳಿಸುವ ದೂರು, ಪ್ರಶ್ನೆ) ಉತ್ತರದ ಕರಡು ಬರೆದುಕೊಡುವ ಎಐ ಟೂಲ್ ಬಂದು ಆರು ತಿಂಗಳಾಯಿತು. ಟಿಕೆಟ್‌ಗೆ 9 ನಿಮಿಷ ಹಿಡಿಯುತ್ತಿದ್ದದ್ದು 8ಕ್ಕೆ ಇಳಿದಿದೆ. ದಿನಕ್ಕೆ ತಲಾ 40 ಟಿಕೆಟ್ ಲೆಕ್ಕ ಹಿಡಿದರೆ 40 ನಿಮಿಷ ಉಳಿಯಿತು. ಹುಡುಗರ ಸರ್ವೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಆದರೆ ಓವರ್‌ಟೈಮ್ ಇಳಿದಿಲ್ಲ, ಕಷ್ಟದ ಟಿಕೆಟ್ ನೋಡುವ ಎಲ್-2 (ಎರಡನೇ ಹಂತದ) ಸೀನಿಯರ್‌ಗಳದ್ದಂತೂ ಹೆಚ್ಚೇ ಆಗಿದೆ. ಲೈಸೆನ್ಸ್ ನವೀಕರಿಸುವ ಮುಂಚೆ ‘ಇದರಿಂದ ಏನು ಬಂತು, ಲೆಕ್ಕ ಕೊಡಿ’ ಅಂತ ಫೈನಾನ್ಸ್‌ನವರು ಕೇಳುತ್ತಿದ್ದಾರೆ. ಹೇಗೆ ಕೊಡಲಿ ಸರ್?

ಉತ್ತರ: ಅವರು ಕೇಳುತ್ತಿರುವುದರಲ್ಲಿ ತಪ್ಪಿಲ್ಲ. 24 ಜನಕ್ಕೆ ತಲಾ 40 ನಿಮಿಷ ಎಂದರೆ ದಿನಕ್ಕೆ 16 ಗಂಟೆ, ಅಂದರೆ ಇಬ್ಬರ ಪೂರ್ತಿ ಶಿಫ್ಟು. ಅಷ್ಟು ನಿಜವಾಗಿ ಉಳಿದಿದ್ದರೆ ಓವರ್‌ಟೈಮ್ ಕಡಿಮೆಯಾಗಬೇಕಿತ್ತು, ಇಲ್ಲವೇ ಅಷ್ಟೇ ಜನರಿಂದ ಹೆಚ್ಚು ಟಿಕೆಟ್ ಮುಗಿಯಬೇಕಿತ್ತು. ಎರಡೂ ಆಗದಿದ್ದರೆ ಆ ನಿಮಿಷಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಉತ್ತರ ನಿಮ್ಮ ಪತ್ರದಲ್ಲೇ ಇದೆ ಅನ್ನಿಸುತ್ತದೆ: ಎಲ್-2 ಓವರ್‌ಟೈಮ್. ರೀಓಪನ್ ಆದ, ಅಂದರೆ ಬಗೆಹರಿಯಿತು ಎಂದು ಮುಚ್ಚಿದ ಮೇಲೆ ವಾಪಸ್ ಬಂದ ಟಿಕೆಟ್ ಎಷ್ಟು ಎಂದು ನೀವು ಬರೆದಿಲ್ಲ. ಒಂದು ಉದಾಹರಣೆ ಹಾಕಿ ನೋಡೋಣ. 100 ಟಿಕೆಟ್‌ಗೆ ಮೊದಲು 900 ನಿಮಿಷ ಹಿಡಿಯುತ್ತಿತ್ತು, ಈಗ 800. ಮೊದಲು ನೂರಕ್ಕೆ 6 ವಾಪಸ್ ಬರುತ್ತಿದ್ದವು, ಈಗ 10 ಅಂದುಕೊಳ್ಳಿ. ಒಂದೊಂದಕ್ಕೂ ಸೀನಿಯರ್ 20 ನಿಮಿಷ ಕೂರಬೇಕು. ಅಲ್ಲಿಗೆ ಮೊದಲಿನ ಮೊತ್ತ 1,020, ಈಗಿನದು 1,000. ಶೇ 11 ಎಂದುಕೊಂಡಿದ್ದ ಉಳಿತಾಯ ಶೇ 2ಕ್ಕೆ ಬಂತು. ಇನ್ನು ಸೀನಿಯರ್‌ನ ಒಂದು ನಿಮಿಷಕ್ಕೆ ಕಂಪನಿ ಒಂದೂವರೆ ಪಟ್ಟು ಕೊಡುತ್ತದೆ ಎಂದರೆ ಮೊದಲು 1,080, ಈಗ 1,100. ಅಂದರೆ ನಷ್ಟ, ಅದೂ ಲೈಸೆನ್ಸ್ ದುಡ್ಡು ಸೇರಿಸುವ ಮುಂಚೆಯೇ! ನಿಮ್ಮ ನಿಜವಾದ ಅಂಕಿ ಇಷ್ಟು ಕೆಟ್ಟದಾಗಿರಲಿಕ್ಕಿಲ್ಲ. ಆದರೆ ಟೂಲ್ ಮಾರುವವರ ಡ್ಯಾಶ್‌ಬೋರ್ಡ್‌ನಲ್ಲಿ ಮೊದಲ ಸಾಲು, ಅಂದರೆ 900 ಹೋಗಿ 800 ಆದದ್ದು, ಮಾತ್ರ ಇರುತ್ತದೆ. ಎರಡನೆಯದನ್ನು, ಅಂದರೆ ವಾಪಸ್ ಬಂದವುಗಳ ಲೆಕ್ಕವನ್ನು, ನಿಮ್ಮ ಟಿಕೆಟ್ ಸಿಸ್ಟಮ್‌ನಿಂದ ನೀವೇ ತೆಗೆಯಬೇಕು.

ಸರ್ವೆಯನ್ನು ಲೆಕ್ಕದ ಹಾಳೆಯಲ್ಲಿ ಹಾಕಬೇಡಿ. 2025ರಲ್ಲಿ, ಎಐ ಸಾಮರ್ಥ್ಯ ಪರೀಕ್ಷಿಸುವ ಅಮೆರಿಕದ ಮೆಟರ್ (METR) ಸಂಸ್ಥೆ 16 ಜನ ಅನುಭವಿ ಪ್ರೋಗ್ರಾಮರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳ 246 ಕೆಲಸ ಕೊಟ್ಟು, ಯಾವುದಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಾರದು ಎಂದು ಚೀಟಿ ಎತ್ತಿದ ಹಾಗೆ ಹಂಚಿತು. ಎಐ ಇದ್ದದ್ದರಿಂದ ಸರಾಸರಿ ಶೇ 20ರಷ್ಟು ಬೇಗ ಮುಗಿಸಿದೆವು ಎಂದು ಅವರು ಕೆಲಸ ಮುಗಿದ ಮೇಲೂ ನಂಬಿದ್ದರು. ಗಡಿಯಾರ ನೋಡಿದರೆ ಶೇ 19ರಷ್ಟು ತಡವಾಗಿತ್ತು. ಹದಿನಾರೇ ಜನರ ಪ್ರಯೋಗ, ಸಪೋರ್ಟ್ ಕೆಲಸಕ್ಕೆ ಇದನ್ನು ಹಾಗೇ ಅನ್ವಯಿಸಲಾಗದು. ಆದರೂ ‘ಹೇಗನ್ನಿಸಿತು’ ಎಂಬುದನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ ಇದು ಸಾಕು.

ಇಷ್ಟು ಹೇಳಿದ ಮೇಲೆ ಟೂಲ್ ಪರವಾಗಿ ಒಂದು ಮಾತು. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಇಬ್ಬರು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮಂಥದ್ದೇ ಸಪೋರ್ಟ್ ಕೆಲಸದ್ದು, 5,000ಕ್ಕೂ ಹೆಚ್ಚು ಏಜೆಂಟರದ್ದು. ಟೂಲ್ ಎಲ್ಲರಿಗೂ ಒಂದೇ ದಿನ ಸಿಗಲಿಲ್ಲ, ಹಂತಹಂತವಾಗಿ ಬಂತು. ಹಾಗಾಗಿ ಸಿಕ್ಕವರನ್ನು ಇನ್ನೂ ಸಿಗದವರೊಂದಿಗೆ ಹೋಲಿಸಲು ಸಾಧ್ಯವಾಯಿತು. ಗಂಟೆಗೆ ಬಗೆಹರಿದ ಸಮಸ್ಯೆಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಹೆಚ್ಚಳ ಶೇ 34. ಹಳಬರಿಗೆ ಹೆಚ್ಚೇನೂ ದಕ್ಕಲಿಲ್ಲ. ಟೂಲ್ ಇದ್ದ ಎರಡು ತಿಂಗಳ ಹೊಸಬರು, ಟೂಲ್ ಇಲ್ಲದ ಆರು ತಿಂಗಳ ಅನುಭವಿಗಳ ಮಟ್ಟಕ್ಕೆ ಬಂದರು.

ಜನ ಬರುತ್ತಾ ಹೋಗುತ್ತಾ ಇರುವ ಸಪೋರ್ಟ್ ಫ್ಲೋರ್‌ನಲ್ಲಿ ಇದಕ್ಕಿಂತ ದೊಡ್ಡ ಲಾಭ ನನಗೆ ಕಾಣುವುದಿಲ್ಲ. ನೀವು ತಂಡದ ಸರಾಸರಿ ತೆಗೆದರೆ ಅದು ಅದರಲ್ಲೇ ಮುಚ್ಚಿಹೋಗುತ್ತದೆ. ಸೇರಿ ಎಷ್ಟು ತಿಂಗಳಾಯಿತು ಎಂಬುದರ ಮೇಲೆ ಹುಡುಗರನ್ನು ಬೇರ್ಪಡಿಸಿ ನೋಡಿ. ಟ್ರೇನಿಂಗ್ ಮುಗಿಸಿದವರು ಒಬ್ಬರೇ ಟಿಕೆಟ್ ನಿಭಾಯಿಸಲು ಮೊದಲು ಎಷ್ಟು ವಾರ ಬೇಕಿತ್ತು, ಈಗೆಷ್ಟು? ಆ ವಾರಗಳ ಸಂಬಳ ಫೈನಾನ್ಸ್‌ನವರಿಗೆ ತಕ್ಷಣ ಅರ್ಥವಾಗುವ ಭಾಷೆ.

ನವೀಕರಣಕ್ಕೆ ಇನ್ನೂ ಸಮಯವಿದ್ದರೆ ಆರು ವಾರ ಹೀಗೆ ಮಾಡಿ. ಚೀಟಿ ಎತ್ತಿ 12 ಜನರಿಗೆ ಟೂಲ್ ಕೊಡಿ, ಉಳಿದ 12 ಜನರಿಗೆ ನಿಲ್ಲಿಸಿ. ‘ಯಾರಿಗೆ ಬೇಕು’ ಎಂದು ಮಾತ್ರ ಕೇಳಬೇಡಿ. ಮೊದಲು ಕೈ ಎತ್ತುವವರು ಸಾಮಾನ್ಯವಾಗಿ ಮೊದಲೇ ಚುರುಕಿನವರು, ಅವರ ಚುರುಕು ಟೂಲ್ ಖಾತೆಗೆ ಜಮಾ ಆಗಿಬಿಡುತ್ತದೆ. ಎರಡೂ ಗುಂಪಿಗೆ ಒಂದೇ ಕ್ಯೂನಿಂದ ಟಿಕೆಟ್ ಹೋಗಲಿ. ಮುಗಿದ ಟಿಕೆಟ್, ರೀಓಪನ್, ಎಲ್-2ಗೆ ಹೋದದ್ದು, ಗ್ರಾಹಕರು ಕೊಟ್ಟ ರೇಟಿಂಗ್ ಇಷ್ಟನ್ನು ಬರೆದಿಡಿ. ನಿಮ್ಮಲ್ಲಿ ಹಬ್ಬದ ಸೀಸನ್‌ಗೆ ಟಿಕೆಟ್ ಉಕ್ಕುವುದಿದ್ದರೆ ಆ ವಾರಗಳನ್ನು ತಪ್ಪಿಸಿ. 24 ಜನ ಕಡಿಮೆಯೇ, ನಿಜ. ಶೇ 2-3ರ ವ್ಯತ್ಯಾಸ ಬಂದರೆ ಅದನ್ನು ಲಾಭವೆಂದೂ ಹೇಳಬೇಡಿ, ನಷ್ಟವೆಂದೂ ಹೇಳಬೇಡಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎಐ ಯಾರು ಎಷ್ಟು ಸಲ ಬಳಸಿದರು ಎಂದು ಎಣಿಸಿ ಅಪ್ರೈಸಲ್‌ಗೆ ಸೇರಿಸುತ್ತಾರಂತೆ. ಇದು ಸರಿಯೇ?

ಉತ್ತರ: ಅಲ್ಲ. ಕ್ಯಾಲ್ಕುಲೇಟರ್ ಎಷ್ಟು ಸಲ ಒತ್ತಿದರು ಎಂದು ನೋಡಿ ಅಕೌಂಟೆಂಟ್‌ಗೆ ಇಂಕ್ರಿಮೆಂಟ್ ಕೊಟ್ಟ ಹಾಗಾಯಿತು. ಎಣಿಕೆ ಶುರುವಾದ ಮರುದಿನವೇ ಜನ ‘ಗುಡ್ ಮಾರ್ನಿಂಗ್’ ಮೇಲ್ ಬರೆಯಲೂ ಎಐ ಕೇಳುತ್ತಾರೆ, ಅಂಕಿ ಏರುತ್ತದೆ, ಬಿಲ್ಲೂ ಏರುತ್ತದೆ. ನಿಮ್ಮ ಮ್ಯಾನೇಜರ್‌ಗೆ ನೇರವಾಗಿ ಹೇಳುವುದು ಕಷ್ಟವಾದರೆ, ಎಐ ಸಹಾಯದಿಂದ ಈ ತಿಂಗಳು ಮುಗಿಸಿದ ಎರಡು ಮೂರು ಕೆಲಸ, ಮೊದಲು ಹಿಡಿಯುತ್ತಿದ್ದ ಸಮಯ, ಈಗ ತಿದ್ದಿದ್ದೂ ಸೇರಿ ಹಿಡಿದ ಸಮಯ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಪ್ರೈಸಲ್ ಮೀಟಿಂಗ್‌ಗೆ ಒಯ್ಯಿರಿ. ಬಳಸಿ ಕೈಬಿಟ್ಟ ಕೆಲಸ ಒಂದಿದ್ದರೆ ಅದನ್ನೂ, ಯಾಕೆ ಬಿಟ್ಟಿರಿ ಎಂಬುದನ್ನೂ ಬರೆಯಿರಿ.