ಗಣಿತ ಓದಿದವರು ಸಾಗರ ಜೀವಿಗಳ ಸಂಶೋಧನೆಗೆ ಬರಬಹುದೇ?

ಹವಾಮಾನ ಬದಲಾವಣೆ ಕಡಲ ಜೀವಿಗಳಿಗೆ ಏನು ಮಾಡುತ್ತಿದೆ ಎಂದು ಸಂಶೋಧಿಸುವ ಆಸೆಯಿದೆ, ಆದರೆ ಓದಿದ್ದು ಗಣಿತ, ಹಡಗಿನ ಪ್ರಯಾಣ ಆಗಿಬರುವುದಿಲ್ಲ ಅಂತ ಬರೆದಿದ್ದೀರಿ. ಧೈರ್ಯವಾಗಿ ಬನ್ನಿ, ನಿಮ್ಮಂಥವರು ಇಲ್ಲಿ ತುಂಬಾ ಬೇಕು.

ಭೂಮಿಯಲ್ಲಿ ಹೆಚ್ಚುವರಿಯಾಗಿ ಸಂಗ್ರಹವಾಗುತ್ತಿರುವ ಶಾಖದ ಸುಮಾರು ಶೇ. 90ರಷ್ಟು ಸಾಗರಕ್ಕೇ ಸೇರುತ್ತಿದೆ. ಮೇಲಿನ ನೀರು ಬಿಸಿಯಾದಷ್ಟೂ ಹಗುರವಾಗಿ, ಕೆಳಗಿನ ತಣ್ಣನೆಯ ನೀರಿನೊಂದಿಗೆ ಬೆರೆಯುವುದು ಕಡಿಮೆಯಾಗುತ್ತದೆ. ಆಗ ಆಳದಲ್ಲಿರುವ ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶಗಳು ಬೆಳಕು ಬೀಳುವ ಪದರಕ್ಕೆ ಸಾಕಷ್ಟು ಏರಿಬರುವುದಿಲ್ಲ. ಅನೇಕ ಕಡೆ ಸಸ್ಯಪ್ಲವಕಗಳು (ಬೆಳಕಿನಿಂದ ಆಹಾರ ತಯಾರಿಸುವ, ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸೊರಗುತ್ತವೆ, ಅವನ್ನೇ ನಂಬಿದ ಪ್ರಾಣಿಪ್ಲವಕಗಳಿಗೂ (ತೇಲಾಡುವ ಪುಟ್ಟ ಪ್ರಾಣಿಗಳಿಗೂ) ಮೀನುಗಳಿಗೂ ಅದರ ಪೆಟ್ಟು ತಗಲುತ್ತದೆ. ಈ ಸರಪಳಿಯ ಮೊದಲರ್ಧ ಭೌತಶಾಸ್ತ್ರ, ಉಳಿದದ್ದು ಜೀವಶಾಸ್ತ್ರ. ಎರಡನ್ನೂ ಸಮೀಕರಣಗಳ ಒಂದೇ ಮಾದರಿಯೊಳಗೆ ಹೆಣೆಯುವುದು ಗಣಿತದ ಕೆಲಸ, ನನ್ನ ಪ್ರಕಾರ ಈ ಕ್ಷೇತ್ರದ ಅತ್ಯಂತ ಚೆಂದದ ಕೆಲಸವೂ ಅದೇ.

ಹಡಗು ಕಡ್ಡಾಯವಲ್ಲ. ಆರ್ಗೋ ಎಂಬ ಜಾಗತಿಕ ಯೋಜನೆಯ, ಸಾಗರದಲ್ಲಿ ತಾವಾಗಿಯೇ ಮುಳುಗೇಳುವ ಸುಮಾರು 4,000 ತೇಲುಯಂತ್ರಗಳು 10 ದಿನಕ್ಕೊಮ್ಮೆ, ಹೆಚ್ಚಿನವು 2,000 ಮೀಟರ್ ಆಳದಿಂದ, ನೀರಿನ ಉಷ್ಣತೆ, ಲವಣಾಂಶ ಅಳೆಯುತ್ತಾ ಮೇಲೇರುತ್ತವೆ. ಆ ದತ್ತಾಂಶ ಎಲ್ಲರಿಗೂ ಉಚಿತ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಇವತ್ತೇ ಅದನ್ನು ತೆರೆದು ನೋಡಿ. (ಆದರೂ ಒಂದು ಸಲವಾದರೂ ಹಡಗು ಹತ್ತಿ, ನೀರಿನ ಸ್ಯಾಂಪಲ್ ಸಂಗ್ರಹಿಸುವುದನ್ನು ಕಣ್ಣಾರೆ ಕಂಡರೆ ಅಂಕಿಗಳಲ್ಲಿ ಎಲ್ಲಿ ತಪ್ಪು ನುಸುಳಬಹುದು ಅಂತ ಗೊತ್ತಾಗುತ್ತದೆ.)

ಒಂದು ಮಾತು ಮೊದಲೇ ತಿಳಿದಿರಲಿ. ಹವಾಯಿ ಬಳಿಯ ಅಲೋಹಾ ಎಂಬ ಕಡಲ ವೀಕ್ಷಣಾ ತಾಣದಲ್ಲಿ 1988ರಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ಅಳತೆ ನಡೆದಿದೆ. ಹವಾಮಾನ ಬದಲಾವಣೆಯ ಪರಿಣಾಮವನ್ನು ಸಹಜ ಏರಿಳಿತದಿಂದ ಬೇರ್ಪಡಿಸಲು ಅಷ್ಟು ದೀರ್ಘ ದಾಖಲೆಯೇ ಬೇಕು, ಆದರೆ ಅನುದಾನಗಳು ಕೆಲವೇ ವರ್ಷದವು. ಹಾಗಾಗಿ ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಆರಿಸುವಾಗ, ದೀರ್ಘಕಾಲದ ದತ್ತಾಂಶ ಈಗಾಗಲೇ ಕೈಯಲ್ಲಿರುವ ತಂಡವನ್ನೇ ಹುಡುಕಿ.