430 ದರ್ಜೆಯ ಸ್ಟೇನ್‌ಲೆಸ್ ತಗಡು ಗಾಜಿನ ಹಾಗೆ ಒಡೆದದ್ದು ಯಾಕೆ?

460 ಡಿಗ್ರಿ ಸೆಲ್ಸಿಯಸ್‌ನಲ್ಲಿ ವರ್ಷಗಟ್ಟಲೆ ಓಡಿದ ಓವನ್, ಒಳಗಿನ 430 ಸ್ಟೇನ್‌ಲೆಸ್ ತಗಡಿಗೆ ತುಕ್ಕಿಲ್ಲ, ಆದರೂ ತಣ್ಣಗಾದ ಮೇಲೆ ಬಿಚ್ಚುವಾಗ ಗಾಜಿನ ಹಾಗೆ ಒಡೆಯಿತು ಅಂದಿರಿ ಅಲ್ವಾ? ಸರಬರಾಜುದಾರನನ್ನು ಸುಮ್ನೆ ಬೈಯಬೇಡಿ, ಮಾಲು ಸರಿಯಾಗೇ ಇದ್ದಿರಬಹುದು. ಇದು ಫೆರಿಟಿಕ್ ಸ್ಟೀಲಿನ (430ರ ಹಾಗೆ ಕ್ರೋಮಿಯಂ ಬೆರೆತ, ಅಯಸ್ಕಾಂತಕ್ಕೆ ಅಂಟುವ ಜಾತಿ) ಹಳೇ ಕಾಯಿಲೆ, '475 ಡಿಗ್ರಿ ಪೆಡಸುತನ' ಅಂತಾರೆ. ಸುಮಾರು 400ರಿಂದ 500 ಡಿಗ್ರಿಯಲ್ಲಿ ತುಂಬಾ ಹೊತ್ತು ಇಟ್ಟರೆ, ಒಂದಾಗಿ ಬೆರೆತಿದ್ದ ಕ್ರೋಮಿಯಂ ಮತ್ತು ಕಬ್ಬಿಣ ಒಳಗೊಳಗೇ ಬೇರೆಯಾಗಿ, ಕ್ರೋಮಿಯಂ ಜಾಸ್ತಿ ಇರುವ ತೀರಾ ಸಣ್ಣ ಕಣಗಳು ಹುಟ್ಟುತ್ತವೆ. ಗಡಸುತನ ಏರುತ್ತದೆ, ಬಾಗುವ ಗುಣ ಹೋಗುತ್ತದೆ. ಬಿಸಿ ಇದ್ದಾಗ ಗೊತ್ತೇ ಆಗುವುದಿಲ್ಲ, ತಣ್ಣಗಾದಾಗಲೇ ಬಣ್ಣ ಬಯಲು.

ತಮಾಷೆ ಏನೆಂದರೆ ಇದೇ 430 ಗಾಳಿಯಲ್ಲಿ 800 ಡಿಗ್ರಿವರೆಗೂ ತುಕ್ಕು ತಡೆಯುತ್ತದೆ, ಕ್ಯಾಟಲಾಗಿನಲ್ಲಿ ಎಲ್ಲರೂ ನೋಡುವುದು ಆ ಅಂಕಿಯನ್ನೇ.

ಉಳಿದ ತಗಡುಗಳನ್ನು 600 ಡಿಗ್ರಿ ದಾಟಿಸಿ ಸ್ವಲ್ಪ ಹೊತ್ತು ಇಟ್ಟು ಬೇಗ ತಣಿಸಿದರೆ ಗುಣ ಬಹುಪಾಲು ವಾಪಸ್ ಬರುತ್ತದೆ. ಆದರೆ ಮೊದಲಿನ 460ರ ಬಿಸಿಗೇ ಹಾಕಿದರೆ ಮತ್ತೆ ಅದೇ ಕಥೆ. ನಾನಾಗಿದ್ದರೆ 409 ದರ್ಜೆಗೆ ಹೋಗುತ್ತಿದ್ದೆ, ಅದರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ ಮಾತ್ರ, ಈ ಕಾಟ ತೀರಾ ಕಮ್ಮಿ. 304 ಕೂಡ ಆಗುತ್ತದೆ, ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಬೋಲ್ಟ್ ತೂತುಗಳನ್ನು ಸಡಿಲ ಬಿಡಿ.